ಬ್ಯಾಸ್ಕೆಟ್‌ಬಾಲ್ ಆಟಗಾರರು ವರ್ಣಭೇದದ ವಿರುದ್ಧ ಎತ್ತಿದ ದನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎರಡು ದೊಡ್ಡ ಲೀಗ್‌ಗಳಿವೆ: ಪುರುಷರ ಎನ್‌ಬಿಎ, ಮಹಿಳೆಯರ ಡಬ್ಲ್ಯುಎನ್‌ಬಿಎ. ಬೆಳಗಿನ ಜಾವ ಎದ್ದು ಈ ಪಂದ್ಯಗಳನ್ನು ನೋಡುವವರು ನಮ್ಮಲ್ಲೂ ಇದ್ದಾರೆ. ಆಟ ಗೊತ್ತು, ಆದರೆ ರಾಷ್ಟ್ರಗೀತೆಯ ಹೊತ್ತಿಗೆ ಆಟಗಾರರು ಮಂಡಿಯೂರಿದ್ದು ಯಾಕೆ, ಪ್ಲೇಆಫ್ ಪಂದ್ಯ ಬಿಟ್ಟು ಲಾಕರ್ ರೂಮಿನಲ್ಲಿ ಕೂತದ್ದು ಯಾಕೆ ಎಂಬುದು ಗೊತ್ತಿಲ್ಲ ಅನ್ನುವವರಿಗಾಗಿ ಈ ಪುಟ. ಇಲ್ಲಿನ ಪ್ರಶ್ನೆಗಳಲ್ಲಿ ಕೆಲವು ಕುತೂಹಲದಿಂದ ಬಂದವು, ಕೆಲವು ಸಿಟ್ಟಿನಿಂದ. ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಈ ಆಟಗಾರರು ಮಾಡಿದ್ದು ಸರಿ. ಒಬ್ಬಂಟಿಯಾಗಿ ಮಾತಾಡಿದವರು ಅದಕ್ಕೆ ತುಂಬಾ ದೊಡ್ಡ ಬೆಲೆ ತೆತ್ತರು; ಒಟ್ಟಾಗಿ ನಿಂತವರನ್ನು ಮುಟ್ಟುವುದು ಕಷ್ಟವಾಯಿತು. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಇದೆಲ್ಲ 2020ರಲ್ಲಿ ಶುರುವಾದದ್ದಲ್ಲವೇ?

ಅಲ್ಲ, ಅದಕ್ಕಿಂತ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಎನ್‌ಬಿಎ ಪಂದ್ಯದಲ್ಲಿ ಮೊದಲ ಬಾರಿಗೆ ಕಪ್ಪು ಆಟಗಾರನೊಬ್ಬ ಅಂಗಳಕ್ಕಿಳಿದದ್ದು 1950ರ ಅಕ್ಟೋಬರ್ 31ರಂದು. ಅವರ ಹೆಸರು ಅರ್ಲ್ ಲಾಯ್ಡ್. ಚಕ್ ಕೂಪರ್, ನ್ಯಾಟ್ ಕ್ಲಿಫ್ಟನ್ ಕೂಡ ಅದೇ ವರ್ಷ ಬಂದರು. ಅಂಗಳದ ಬಾಗಿಲು ತೆರೆಯಿತು, ಆದರೆ ಹೋಟೆಲಿನ ಬಾಗಿಲು ತೆರೆಯಲಿಲ್ಲ. ಪ್ರವಾಸದಲ್ಲಿ ಬಿಳಿಯ ಆಟಗಾರರಿಗೆ ಒಂದು ಕಡೆ ಊಟ, ವಸತಿ. ಅದೇ ತಂಡದ ಕಪ್ಪು ಆಟಗಾರರು ಬೇರೆಲ್ಲಾದರೂ ಹುಡುಕಿಕೊಳ್ಳಬೇಕು.

1959ರ ಜನವರಿಯಲ್ಲಿ ಲೇಕರ್ಸ್ ತಂಡ ಪಶ್ಚಿಮ ವರ್ಜೀನಿಯಾದ ಚಾರ್ಲ್ಸ್‌ಟನ್‌ಗೆ ಪಂದ್ಯಕ್ಕೆ ಹೋಯಿತು. ಆಗ ಆ ತಂಡದ ಊರು ಮಿನಿಯಾಪೊಲಿಸ್. ಕಾದಿರಿಸಿದ್ದ ಹೋಟೆಲಿನವರು ಕಪ್ಪು ಆಟಗಾರರಿಗೆ ಕೋಣೆ ಕೊಡುವುದಿಲ್ಲ ಎಂದರು. ಎಲ್ಜಿನ್ ಬೇಲರ್ ಆಗಿನ್ನೂ ಮೊದಲ ವರ್ಷದ ಆಟಗಾರ, ತಂಡಕ್ಕೆ ಜನ ಬರುತ್ತಿದ್ದದ್ದೇ ಅವರನ್ನು ನೋಡಲು. ಅವರು ಆ ರಾತ್ರಿ ಆಡಲಿಲ್ಲ. ಜನ ದುಡ್ಡು ಕೊಟ್ಟು ತನ್ನ ಆಟ ನೋಡುತ್ತಾರೆ, ಅದೇ ಊರಿನಲ್ಲಿ ತನಗೆ ಮಲಗಲು ಜಾಗ ಕೊಡುವುದಿಲ್ಲ ಎಂದರೆ ಯಾಕೆ ಆಡಬೇಕು? ಇಷ್ಟೇ ಅವರ ವಾದ. ಅದಕ್ಕೆ ಇವತ್ತಿಗೂ ಯಾರ ಬಳಿಯೂ ಉತ್ತರವಿಲ್ಲ.

ಬಿಲ್ ರಸೆಲ್ ಅವರ ಹೆಸರು ಯಾವಾಗಲೂ ಮೊದಲು ಬರುತ್ತದಲ್ಲ, ಯಾಕೆ?

ಬಾಸ್ಟನ್ ಸೆಲ್ಟಿಕ್ಸ್ ಪರವಾಗಿ 13 ಋತುಗಳಲ್ಲಿ 11 ಬಾರಿ ಚಾಂಪಿಯನ್ ಆದವರು ಅವರು. ಅಷ್ಟು ಗೆದ್ದ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ ಊರೆಲ್ಲ ಹೊತ್ತು ಮೆರೆಸುತ್ತಿತ್ತು. ಅವರು ಮುಚ್ಚಿಕೊಳ್ಳಲಿಲ್ಲ.

1961ರ ಅಕ್ಟೋಬರ್‌ನಲ್ಲಿ ಸೆಲ್ಟಿಕ್ಸ್ ಮತ್ತು ಸೇಂಟ್ ಲೂಯಿಸ್ ಹಾಕ್ಸ್ ನಡುವೆ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಪ್ರದರ್ಶನ ಪಂದ್ಯ ಇತ್ತು. ತಂಡ ಇಳಿದುಕೊಂಡಿದ್ದ ಹೋಟೆಲಿನ ಕಾಫಿ ಅಂಗಡಿಗೆ ಸ್ಯಾಮ್ ಜೋನ್ಸ್ ಮತ್ತು ಸ್ಯಾಚ್ ಸ್ಯಾಂಡರ್ಸ್ ಹೋದಾಗ ಅವರಿಗೆ ತಿನ್ನಲು ಕೊಡಲಿಲ್ಲ. ವಿಷಯ ರಸೆಲ್ ಕಿವಿಗೆ ಬಿತ್ತು. ಕೋಚ್ ರೆಡ್ ಔರ್‌ಬ್ಯಾಕ್ ಮನವೊಲಿಸಲು ನೋಡಿದರು, ಆಗಲಿಲ್ಲ. ಸೆಲ್ಟಿಕ್ಸ್‌ನ ಕಪ್ಪು ಆಟಗಾರರೆಲ್ಲ ವಿಮಾನ ಹತ್ತಿ ಬಾಸ್ಟನ್‌ಗೆ ಮರಳಿದರು. ಎದುರು ತಂಡದ ಕಪ್ಪು ಆಟಗಾರರೂ ಆಡಲಿಲ್ಲ. ಬಿಳಿಯ ಆಟಗಾರರು ಮಾತ್ರ ಉಳಿದು ಪಂದ್ಯ ಮುಗಿಸಿದರು. ಈ ಕೊನೆಯ ಸಂಗತಿಯನ್ನು ನೆನಪಿಡಿ, 2020ರ ಕಥೆ ಬಂದಾಗ ಬೇಕಾಗುತ್ತದೆ.

1963ರಲ್ಲಿ ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್ ಅವರನ್ನು ಮಿಸಿಸಿಪಿಯ ಜಾಕ್ಸನ್‌ನಲ್ಲಿ ಗುಂಡಿಕ್ಕಿ ಕೊಂದರು. ಅವರ ಅಣ್ಣ ಚಾರ್ಲ್ಸ್ ಕರೆದಾಗ ರಸೆಲ್ ಅಲ್ಲಿಗೆ ಹೋದರು. ಕಪ್ಪು, ಬಿಳಿ ಮಕ್ಕಳನ್ನು ಒಂದೇ ಅಂಗಳದಲ್ಲಿ ಸೇರಿಸಿ ತರಬೇತಿ ಶಿಬಿರ ನಡೆಸಿದರು. ಆ ಹೊತ್ತಿನ ಮಿಸಿಸಿಪಿಯಲ್ಲಿ ಅದು ಜೀವಭಯದ ಕೆಲಸ. 1967ರ ಜೂನ್ 4ರಂದು ಕ್ಲೀವ್‌ಲ್ಯಾಂಡ್‌ನಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಹೋಗಲೊಪ್ಪದ ಮಹಮ್ಮದ್ ಅಲಿಯವರ ಬೆಂಬಲಕ್ಕೆ ಕಪ್ಪು ಕ್ರೀಡಾಪಟುಗಳು ಸೇರಿದಾಗ ರಸೆಲ್ ಅಲ್ಲೂ ಇದ್ದರು. ಆ ಸಾಲಿನಲ್ಲಿ ಕೂತಿದ್ದ ಇಪ್ಪತ್ತು ವರ್ಷದ ಕಾಲೇಜು ಹುಡುಗ ಲ್ಯೂ ಆಲ್ಸಿಂಡರ್. ಮುಂದೆ ಜಗತ್ತು ಅವರನ್ನು ಕರೀಂ ಅಬ್ದುಲ್ ಜಬ್ಬಾರ್ ಎಂದು ಕರೆಯಿತು. ಮರುವರ್ಷ ಮೆಕ್ಸಿಕೊ ಒಲಿಂಪಿಕ್ಸ್‌ಗೆ ಅಮೆರಿಕ ತಂಡದಲ್ಲಿ ಆಡಲು ಕರೀಂ ಒಪ್ಪಲಿಲ್ಲ.

ರಸೆಲ್ ವಾಸವಿದ್ದ ಮ್ಯಾಸಚೂಸೆಟ್ಸ್‌ನ ರೀಡಿಂಗ್ ಪಟ್ಟಣದ ಮನೆಗೆ ಕಳ್ಳತನದಲ್ಲಿ ನುಗ್ಗಿದವರು ಗೋಡೆಗಳ ಮೇಲೆ ಜನಾಂಗೀಯ ಬೈಗುಳ ಬರೆದರು, ಹಾಸಿಗೆಯ ಮೇಲೆ ಮಲ ವಿಸರ್ಜಿಸಿ ಹೋದರು. ತಾನು ಗೆದ್ದುಕೊಟ್ಟ ಊರಿನ ಆಸುಪಾಸಿನಲ್ಲೇ ಅವರಿಗೆ ಸಿಕ್ಕ ಮರ್ಯಾದೆ ಇದು. 2011ರಲ್ಲಿ ಅವರಿಗೆ ದೇಶದ ಅತ್ಯುನ್ನತ ನಾಗರಿಕ ಗೌರವ ಬಂತು. 2022ರಲ್ಲಿ ತೀರಿಕೊಂಡ ಮೇಲೆ ಅವರ 6ನೇ ಸಂಖ್ಯೆಯ ಜೆರ್ಸಿಯನ್ನು ಇಡೀ ಲೀಗಿನಲ್ಲಿ ನಿವೃತ್ತಿಗೊಳಿಸಿದರು. ಎನ್‌ಬಿಎಯಲ್ಲಿ ಆ ಗೌರವ ಅವರಿಗಿಂತ ಮೊದಲು ಯಾರಿಗೂ ಸಿಕ್ಕಿರಲಿಲ್ಲ.

ಬೇರೆ ಆಟಗಳಿಗಿಂತ ಬ್ಯಾಸ್ಕೆಟ್‌ಬಾಲ್‌ನಲ್ಲೇ ಇದು ಹೆಚ್ಚು ಯಾಕೆ?

ಮೇಲ್ನೋಟದ ಕಾರಣಗಳು ಎಲ್ಲರಿಗೂ ಕಾಣುತ್ತವೆ. ಎನ್‌ಬಿಎ ಆಟಗಾರರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪು ಜನಾಂಗದವರು. ತಂಡದ ಮಾಲೀಕರು ಹೆಚ್ಚುಕಡಿಮೆ ಎಲ್ಲ ಬಿಳಿಯರು. ಅಂಗಳದಲ್ಲಿ ಒಂದು ತಂಡದ ಐದೇ ಜನ, ತಲೆಗೆ ಹೆಲ್ಮೆಟ್ ಇಲ್ಲ, ಮುಖ ನೇರವಾಗಿ ಕಾಣುತ್ತದೆ. ಹೀಗಾಗಿ ಒಬ್ಬೊಬ್ಬ ಆಟಗಾರನನ್ನೂ ಜನ ಗುರುತಿಸುತ್ತಾರೆ.

ನನ್ನ ಪ್ರಕಾರ ಮುಖ್ಯ ಕಾರಣ ಬೇರೆ ಇದೆ: ಆಟಗಾರರ ಸಂಘ. 1964ರಲ್ಲಿ ಬಾಸ್ಟನ್‌ನಲ್ಲಿ ಲೀಗಿನ ಆಯ್ದ ತಾರೆಯರು ಆಡುವ ಆಲ್‌ಸ್ಟಾರ್ ಪಂದ್ಯ ಟಿವಿಯಲ್ಲಿ ಪ್ರಸಾರವಾಗಬೇಕಿತ್ತು. ಪಿಂಚಣಿ ಯೋಜನೆಗೆ ಒಪ್ಪುವ ತನಕ ಅಂಗಳಕ್ಕೆ ಬರುವುದಿಲ್ಲ ಎಂದು ಕಪ್ಪು, ಬಿಳಿ ಆಟಗಾರರು ಒಟ್ಟಾಗಿ ಲಾಕರ್ ರೂಮಿನಲ್ಲಿ ಕೂತರು. ಮಾಲೀಕರು ಬೆದರಿಸಿದರು, ಕೊನೆಗೆ ಬಗ್ಗಿದರು. ಮರುವರ್ಷ ಸಂಘದ ಅಧ್ಯಕ್ಷರಾದವರು ಆಸ್ಕರ್ ರಾಬರ್ಟ್‌ಸನ್. 1970ರಲ್ಲಿ ಅವರ ಹೆಸರಿನಲ್ಲಿ ಲೀಗಿನ ವಿರುದ್ಧ ಹೂಡಿದ ಮೊಕದ್ದಮೆ 1976ರಲ್ಲಿ ರಾಜಿಯಾಯಿತು. ಆಟಗಾರ ಜೀವನವಿಡೀ ಒಂದೇ ತಂಡಕ್ಕೆ ಕಟ್ಟುಬಿದ್ದಿರಬೇಕೆಂಬ ವ್ಯವಸ್ಥೆ ಅಲ್ಲಿಂದ ಸಡಿಲವಾಯಿತು. ಎನ್‌ಬಿಎಯ ಒಪ್ಪಂದಗಳಲ್ಲಿ ಬಹುತೇಕ ಸಂಬಳಕ್ಕೆ ಖಾತ್ರಿ ಇರುತ್ತದೆ. ಇವತ್ತು ಮಾತಾಡಿದರೆ ನಾಳೆಯ ಚೆಕ್ ನಿಲ್ಲುವುದಿಲ್ಲ ಎಂಬ ಧೈರ್ಯ ಬಂದದ್ದು ಹೀಗೆ. ಜನಾಂಗೀಯ ನ್ಯಾಯದ ಮಾತಿಗೂ ಕಾರ್ಮಿಕ ಸಂಘಕ್ಕೂ ಏನು ಸಂಬಂಧ ಅನ್ನುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಮಾತಾಡಿದ್ದಕ್ಕೆ ಯಾರಾದರೂ ಕೆಲಸ ಕಳೆದುಕೊಂಡಿದ್ದಾರೆಯೇ?

ಇಬ್ಬರ ಹೆಸರು ಹೇಳಲೇಬೇಕು.

ಕ್ರೇಗ್ ಹಾಜಸ್ ಶಿಕಾಗೊ ಬುಲ್ಸ್‌ನಲ್ಲಿ ಮೈಕಲ್ ಜೋರ್ಡಾನ್ ಜೊತೆ ಆಡಿ 1991, 1992ರಲ್ಲಿ ಚಾಂಪಿಯನ್ ಆದವರು. ಆಲ್‌ಸ್ಟಾರ್ ವಾರದ ಮೂರು ಅಂಕಗಳ ಸ್ಪರ್ಧೆಯನ್ನು ಸತತ ಮೂರು ಸಲ ಗೆದ್ದವರು. 1991ರಲ್ಲಿ ತಂಡ ಶ್ವೇತಭವನಕ್ಕೆ ಹೋದಾಗ ಎಲ್ಲರೂ ಸೂಟು ಹಾಕಿಕೊಂಡಿದ್ದರೆ ಹಾಜಸ್ ಆಫ್ರಿಕನ್ ಉಡುಪು ದಶಿಕಿ ತೊಟ್ಟು ಹೋದರು. ಬಡವರ, ಕಪ್ಪು ಜನರ ಪಾಡನ್ನು ವಿವರಿಸಿ ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಕೈಬರಹದ ಪತ್ರ ಕೊಟ್ಟುಬಂದರು. 1992ರ ನಂತರ ಬುಲ್ಸ್ ಅವರನ್ನು ಬಿಟ್ಟಿತು. ಬೇರೆ ಯಾವ ತಂಡವೂ ಪ್ರಯತ್ನಕ್ಕಾದರೂ ಕರೆಯಲಿಲ್ಲ. 1993ರ ಮೂರು ಅಂಕಗಳ ಸ್ಪರ್ಧೆಗೆ ಅವರು ಬಂದಾಗ ಹಾಕಿಕೊಳ್ಳಲು ತಂಡದ ಜೆರ್ಸಿ ಇರಲಿಲ್ಲ, ಲೀಗಿನ ಲಾಂಛನ ಮಾತ್ರ ಇದ್ದ ಅಂಗಿ ತೊಟ್ಟು ಎಸೆದರು. ರಾಜಕೀಯ ನಿಲುವಿಗಾಗಿ ತನ್ನನ್ನು ಹೊರಗಿಟ್ಟರು ಎಂದು 1996ರಲ್ಲಿ ಮೊಕದ್ದಮೆ ಹೂಡಿದರು. ಲೀಗ್ ಅಲ್ಲಗಳೆಯಿತು, ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು.

ಮಹಮೂದ್ ಅಬ್ದುಲ್ ರವೂಫ್ ಡೆನ್ವರ್ ನಗೆಟ್ಸ್ ತಂಡದ ಗಾರ್ಡ್. 1995-96ರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 19.2 ಅಂಕ ಗಳಿಸುತ್ತಿದ್ದರು. ಅಮೆರಿಕದ ಧ್ವಜ ಕೆಲವರ ಪಾಲಿಗೆ ದಬ್ಬಾಳಿಕೆಯ ಗುರುತು ಕೂಡ ಹೌದು, ನನ್ನ ಧರ್ಮ ಅದಕ್ಕೆ ವಂದಿಸಲು ಬಿಡುವುದಿಲ್ಲ ಎಂದು ಅವರು ರಾಷ್ಟ್ರಗೀತೆಗೆ ನಿಲ್ಲದೆ ಕೂರುತ್ತಿದ್ದರು, ಇಲ್ಲವೇ ಒಳಗೆ ಉಳಿಯುತ್ತಿದ್ದರು. 1996ರ ಮಾರ್ಚ್ 12ರಂದು ಲೀಗ್ ಅವರನ್ನು ಅಮಾನತು ಮಾಡಿತು. ಒಂದು ಪಂದ್ಯದ ಸಂಬಳ 31,707 ಡಾಲರ್ ಹೋಯಿತು. ಆಮೇಲೆ ರಾಜಿಯಾಗಿ, ನಿಂತುಕೊಂಡು ತಲೆ ತಗ್ಗಿಸಿ ಪ್ರಾರ್ಥನೆ ಮಾಡತೊಡಗಿದರು. ಅದೇ ವರ್ಷ ಅವರನ್ನು ಬೇರೆ ತಂಡಕ್ಕೆ ಕಳಿಸಿದರು, ಆಡುವ ಸಮಯ ಕುಗ್ಗಿತು, 1998ರ ಹೊತ್ತಿಗೆ ಲೀಗಿನಿಂದ ಹೊರಗಿದ್ದರು. ಆಗ ಅವರ ವಯಸ್ಸು 29. ಆಮೇಲೆ ಒಂದು ಋತು ಮಾತ್ರ ವ್ಯಾಂಕೂವರ್ ತಂಡದಲ್ಲಿ ಆಡಿದರು. 2001ರಲ್ಲಿ ಮಿಸಿಸಿಪಿಯಲ್ಲಿದ್ದ ಅವರ ಮನೆ ಬೆಂಕಿಗೆ ಆಹುತಿಯಾಯಿತು.

ಇಬ್ಬರ ಪಕ್ಕದಲ್ಲೂ ಸಹ ಆಟಗಾರರು ಬಂದು ನಿಲ್ಲಲಿಲ್ಲ. ಈ ಮೌನ ನನ್ನನ್ನು ಲೀಗಿನ ಶಿಕ್ಷೆಗಿಂತ ಹೆಚ್ಚು ಕಾಡುತ್ತದೆ.

ಮೈಕಲ್ ಜೋರ್ಡಾನ್ ಯಾಕೆ ಸುಮ್ಮನಿದ್ದರು?

1990ರಲ್ಲಿ ಅವರ ತವರು ಉತ್ತರ ಕ್ಯಾರೊಲಿನಾದಲ್ಲಿ ಸೆನೆಟ್ ಚುನಾವಣೆ. ಒಂದು ಕಡೆ ಕಪ್ಪು ಅಭ್ಯರ್ಥಿ ಹಾರ್ವಿ ಗ್ಯಾಂಟ್, ಇನ್ನೊಂದು ಕಡೆ ನಾಗರಿಕ ಹಕ್ಕುಗಳನ್ನು ಉದ್ದಕ್ಕೂ ವಿರೋಧಿಸಿದ್ದ ರಿಪಬ್ಲಿಕನ್ ಪಕ್ಷದ ಜೆಸ್ಸಿ ಹೆಲ್ಮ್ಸ್. ಗ್ಯಾಂಟ್ ಪರ ಬಹಿರಂಗವಾಗಿ ನಿಲ್ಲಲು, ತನ್ನ ಹೆಸರಿನ ಶೂಗಳು ಮಾರಾಟವಾಗುತ್ತಿದ್ದ ಜೋರ್ಡಾನ್ ಒಪ್ಪಲಿಲ್ಲ; ರಿಪಬ್ಲಿಕನ್ನರೂ ಶೂ ಕೊಳ್ಳುತ್ತಾರೆ ಎಂಬ ಮಾತು ಅವರಿಗೆ ಅಂಟಿಕೊಂಡಿತು. ಅದನ್ನು ತಮಾಷೆಗೆ ಹೇಳಿದ್ದೆ ಎಂದು 2020ರಲ್ಲಿ ಅವರೇ ಹೇಳಿದರು. 2016ರಲ್ಲಿ ಅವರು ಪೊಲೀಸ್ ಹಿಂಸೆಯ ಬಗ್ಗೆ ಹೇಳಿಕೆ ಕೊಟ್ಟು ಎರಡು ಸಂಸ್ಥೆಗಳಿಗೆ ತಲಾ 10 ಲಕ್ಷ ಡಾಲರ್ ಕೊಟ್ಟರು. 2020ರಲ್ಲಿ ಅವರೂ ಅವರ ಬ್ರ್ಯಾಂಡೂ ಸೇರಿ ಹತ್ತು ವರ್ಷಗಳಲ್ಲಿ 10 ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿದರು. ದೊಡ್ಡ ಮೊತ್ತ, ಒಳ್ಳೆಯ ಕೆಲಸ. ಆದರೆ 1992ರಲ್ಲಿ ಹಾಜಸ್ ಪರವಾಗಿ ಜೋರ್ಡಾನ್ ಆಡಬಹುದಾಗಿದ್ದ ಒಂದು ಮಾತಿಗೆ ಇದಕ್ಕಿಂತ ಹೆಚ್ಚು ಬೆಲೆ ಇತ್ತು ಎಂದೇ ನಾನು ನಂಬಿದ್ದೇನೆ.

ಕೋಟಿಗಟ್ಟಲೆ ಸಂಪಾದಿಸುವವರಿಗೆ ಯಾವ ಅನ್ಯಾಯ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಎರಡು ಘಟನೆಗಳು ಸಾಕು.

2015ರ ಏಪ್ರಿಲ್‌ನಲ್ಲಿ ಅಟ್ಲಾಂಟಾ ಹಾಕ್ಸ್‌ನ ಥಾಬೊ ಸೆಫೊಲೊಶಾ ಅವರನ್ನು ನ್ಯೂಯಾರ್ಕ್‌ನ ಕ್ಲಬ್ಬೊಂದರ ಹೊರಗೆ ಪೊಲೀಸರು ಬಂಧಿಸಿದರು. ಆ ಎಳೆದಾಟದಲ್ಲಿ ಅವರ ಕಾಲಿನ ಮೂಳೆ ಮುರಿಯಿತು. ತಂಡಕ್ಕೆ ಅದು ಇತಿಹಾಸದಲ್ಲೇ ಅತ್ಯುತ್ತಮ ಋತು, 60 ಗೆಲುವು. ಅವರು ಪ್ಲೇಆಫ್ ಆಡಲಾಗಲಿಲ್ಲ. ಸಣ್ಣ ರಾಜಿಗೆ ಒಪ್ಪಿ ಮುಗಿಸಿಕೊಳ್ಳಬಹುದಿತ್ತು. ಅವರು ವಿಚಾರಣೆ ಎದುರಿಸಿ ಎಲ್ಲ ಆರೋಪಗಳಿಂದ ಮುಕ್ತರಾದರು. 2017ರಲ್ಲಿ ನಗರದಿಂದ 40 ಲಕ್ಷ ಡಾಲರ್ ಪರಿಹಾರ ಬಂತು.

2018ರ ಜನವರಿಯಲ್ಲಿ ಮಿಲ್ವಾಕೀ ಬಕ್ಸ್‌ನ ಸ್ಟರ್ಲಿಂಗ್ ಬ್ರೌನ್ ರಾತ್ರಿ ಔಷಧದಂಗಡಿಯ ಮುಂದೆ ಅಂಗವಿಕಲರಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಿದ್ದರು. ಅದು ತಪ್ಪೇ, ದಂಡದ ಚೀಟಿ ಕೊಟ್ಟು ಕಳಿಸುವಂಥ ತಪ್ಪು. ಪೊಲೀಸರು ಅವರನ್ನು ನೆಲಕ್ಕೆ ಕೆಡವಿ ಟೇಸರ್‌ನಿಂದ ವಿದ್ಯುತ್ ಆಘಾತ ಕೊಟ್ಟರು. ನಗರಾಡಳಿತ ಮೊದಲು ಕೊಡಲು ಬಂದ 4 ಲಕ್ಷ ಡಾಲರ್ ಅವರು ತೆಗೆದುಕೊಳ್ಳಲಿಲ್ಲ. ತಪ್ಪೊಪ್ಪಿಗೆ ಇಲ್ಲದ ದುಡ್ಡು ಬೇಡ ಎಂದರು. 2021ರಲ್ಲಿ ಏಳೂವರೆ ಲಕ್ಷ ಡಾಲರ್ ಜೊತೆಗೆ ಒಪ್ಪಿಗೆಯೂ ಬಂತು. ಬ್ರೌನ್ ಅವರ ಹೆಸರು ಮುಂದೆ ಮತ್ತೆ ಬರುತ್ತದೆ.

2017ರಲ್ಲಿ ಫೈನಲ್ಸ್ ಶುರುವಾಗುವ ಹಿಂದಿನ ದಿನ ಲೆಬ್ರಾನ್ ಜೇಮ್ಸ್ ಅವರ ಲಾಸ್ ಏಂಜಲೀಸ್ ಮನೆಯ ಗೇಟಿನ ಮೇಲೂ ಜನಾಂಗೀಯ ಬೈಗುಳ ಬರೆದಿದ್ದರು. ರಸೆಲ್ ಮನೆಗೂ ಈ ಗೇಟಿಗೂ ನಡುವೆ ಅರ್ಧ ಶತಮಾನ ಇದೆ. ದುಡ್ಡು ಬಂದರೆ ಮೈಬಣ್ಣ ಯಾರಿಗೂ ಕಾಣುವುದಿಲ್ಲ ಎಂಬುದು ನಿಜವಲ್ಲ. ಇನ್ನೊಂದು ಮಾತು: ಅನ್ಯಾಯ ತನಗೇ ಆಗಬೇಕು, ಆಗಲೇ ಮಾತಾಡುವ ಹಕ್ಕು ಬರುತ್ತದೆ ಎಂಬ ನಿಯಮ ಎಲ್ಲಿಯದು?

ಟೀಶರ್ಟ್ ಹಾಕಿಕೊಂಡರೆ ಏನು ಬಂತು?

ಕೆಲವೊಮ್ಮೆ ಏನೂ ಬರುವುದಿಲ್ಲ. 2012ರಲ್ಲಿ ಫ್ಲಾರಿಡಾದಲ್ಲಿ ಹದಿನೇಳು ವರ್ಷದ ಟ್ರೇವಾನ್ ಮಾರ್ಟಿನ್ ಕೊಲೆಯಾದಾಗ ಮಯಾಮಿ ಹೀಟ್ ಆಟಗಾರರೆಲ್ಲ 'ಹೂಡಿ' ಎಂಬ ತಲೆಗವುಸಿನ ಅಂಗಿ ತೊಟ್ಟು ತಲೆ ತಗ್ಗಿಸಿ ನಿಂತು ಫೋಟೊ ತೆಗೆಸಿಕೊಂಡರು. ಆ ಹುಡುಗನೂ ಹೂಡಿ ತೊಟ್ಟಿದ್ದ. 2014ರ ಡಿಸೆಂಬರ್‌ನಲ್ಲಿ ಡೆರಿಕ್ ರೋಸ್ ಶುರುಮಾಡಿ, ಲೆಬ್ರಾನ್ ಮತ್ತು ಇತರರು ಮುಂದುವರಿಸಿ, ನ್ಯೂಯಾರ್ಕ್ ಪೊಲೀಸರ ಹಿಡಿತದಲ್ಲಿ ಸತ್ತ ಎರಿಕ್ ಗಾರ್ನರ್ ಅವರ ಕೊನೆಯ ಮಾತು 'ಉಸಿರಾಡಲು ಆಗುತ್ತಿಲ್ಲ' ಎಂಬುದನ್ನು ಅಂಗಿಯ ಮೇಲೆ ಬರೆಸಿಕೊಂಡರು. ಎರಡರಿಂದಲೂ ಕಾನೂನು ಬದಲಾಗಲಿಲ್ಲ. ಆದರೆ ಲೀಗಿನ ಅತಿ ದೊಡ್ಡ ತಾರೆಯರು ಮೊದಲ ಬಾರಿಗೆ ಒಟ್ಟಾಗಿ ಬಾಯಿ ಬಿಟ್ಟಿದ್ದರು, ಯಾರನ್ನೂ ಹೊರಗಿಡಲು ಲೀಗಿಗೆ ಆಗಲಿಲ್ಲ.

ಅದೇ 2014ರ ಏಪ್ರಿಲ್‌ನಲ್ಲಿ ಕ್ಲಿಪ್ಪರ್ಸ್ ಮಾಲೀಕ ಡೊನಾಲ್ಡ್ ಸ್ಟರ್ಲಿಂಗ್, ನನ್ನ ಪಂದ್ಯಗಳಿಗೆ ಕಪ್ಪು ಜನರನ್ನು ಕರೆತರಬೇಡ ಎಂದು ಗೆಳತಿಗೆ ಹೇಳಿದ ಧ್ವನಿಮುದ್ರಣ ಹೊರಬಿತ್ತು. ಆಟಗಾರರು ತಂಡದ ಹೆಸರು ಕಾಣದಂತೆ ವಾರ್ಮ್‌ಅಪ್ ಅಂಗಿಯನ್ನು ಒಳಹೊರಗೆ ಮಾಡಿ ತೊಟ್ಟರು. ಬೇರೆ ತಂಡಗಳೂ ಆಡದೆ ಇರಲು ಸಿದ್ಧವಾಗುತ್ತಿವೆ ಎಂಬುದು ಲೀಗಿಗೆ ತಿಳಿಯಿತು. ಎರಡೇ ದಿನದಲ್ಲಿ ಲೀಗಿನ ಮುಖ್ಯಸ್ಥ, ಅಂದರೆ ಕಮಿಷನರ್, ಆಡಂ ಸಿಲ್ವರ್ ಆ ಮಾಲೀಕನನ್ನು ಜೀವಮಾನಕ್ಕೆ ನಿಷೇಧಿಸಿ 25 ಲಕ್ಷ ಡಾಲರ್ ದಂಡ ಹಾಕಿದರು. ಅಲ್ಲಿ ಅಂಗಿಯ ಹಿಂದೆ ಪಂದ್ಯ ನಿಲ್ಲುವ ಭಯ ಇತ್ತು.

ಕೇಪರ್ನಿಕ್ ಅವರೇ ಮೊದಲಿಗರಲ್ಲವೇ? ಮಹಿಳೆಯರ ಪಾತ್ರ ಏನು?

ಅಮೆರಿಕನ್ ಫುಟ್‌ಬಾಲ್‌ನ ಕಾಲಿನ್ ಕೇಪರ್ನಿಕ್ ರಾಷ್ಟ್ರಗೀತೆಗೆ ಎದ್ದು ನಿಲ್ಲದಿದ್ದದ್ದು ಸುದ್ದಿಯಾದದ್ದು 2016ರ ಆಗಸ್ಟ್‌ನಲ್ಲಿ. ಮಿನಿಸೋಟ ಲಿಂಕ್ಸ್ ತಂಡದ ಮಹಿಳೆಯರು ಅದಕ್ಕಿಂತ ಒಂದೂವರೆ ತಿಂಗಳು ಮೊದಲೇ ಎದ್ದು ನಿಂತಿದ್ದರು.

ಆ ಜುಲೈ 5ರಂದು ಲೂಸಿಯಾನದ ಬ್ಯಾಟನ್ ರೂಜ್‌ನಲ್ಲಿ ಆಲ್ಟನ್ ಸ್ಟರ್ಲಿಂಗ್, ಮರುದಿನ ಮಿನಿಸೋಟದಲ್ಲೇ ಫಿಲಾಂಡೊ ಕಾಸ್ಟೀಲ್ ಪೊಲೀಸರ ಗುಂಡಿಗೆ ಬಲಿಯಾದರು. ಅದರ ಮರುದಿನ ಡಲ್ಲಾಸ್‌ನಲ್ಲಿ ಐವರು ಪೊಲೀಸರನ್ನು ಒಬ್ಬ ಕೊಂದ. ಜುಲೈ 9ರಂದು ಲಿಂಕ್ಸ್ ಆಟಗಾರ್ತಿಯರು ತೊಟ್ಟ ಅಂಗಿಯ ಹಿಂದೆ ಸ್ಟರ್ಲಿಂಗ್ ಮತ್ತು ಕಾಸ್ಟೀಲ್ ಹೆಸರುಗಳ ಜೊತೆ ಡಲ್ಲಾಸ್ ಪೊಲೀಸರ ಲಾಂಛನವೂ ಇತ್ತು. ತಂಡದ ಸೀಮೋನ್ ಆಗಸ್ಟಸ್ ಬ್ಯಾಟನ್ ರೂಜ್‌ನಲ್ಲೇ ಬೆಳೆದವರು. ಸತ್ತ ಪೊಲೀಸರನ್ನೂ ನೆನೆದ ಆ ಅಂಗಿಯನ್ನು ನೋಡಿ, ಕಾವಲಿಗಿದ್ದ ನಾಲ್ವರು ಪೊಲೀಸರು ಕೆಲಸ ಬಿಟ್ಟು ಎದ್ದು ಹೋದರು.

ನ್ಯೂಯಾರ್ಕ್, ಫೀನಿಕ್ಸ್, ಇಂಡಿಯಾನಾ ತಂಡಗಳು ಕಪ್ಪು ಅಂಗಿ ತೊಟ್ಟಾಗ ಲೀಗ್ ತಂಡಕ್ಕೆ 5,000 ಡಾಲರ್, ಆಟಗಾರ್ತಿಯರಿಗೆ ತಲಾ 500 ಡಾಲರ್ ದಂಡ ಹಾಕಿತು. ಇವರ ಸಂಬಳ ಪುರುಷರದ್ದರ ಹತ್ತಿರಕ್ಕೂ ಬರುವುದಿಲ್ಲ. 2020ರ ಹೊಸ ಒಪ್ಪಂದದ ನಂತರವೂ ಆ ವರ್ಷ ಗರಿಷ್ಠ ಸಂಬಳ 2,15,000 ಡಾಲರ್ ಇತ್ತು. ಟೀನಾ ಚಾರ್ಲ್ಸ್ ತಿಂಗಳ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ತೆಗೆದುಕೊಳ್ಳಲು ಅಂಗಿಯನ್ನು ಒಳಹೊರಗೆ ಮಾಡಿ ತೊಟ್ಟು ಬಂದರು. ಆಟಗಾರ್ತಿಯರು ಪತ್ರಕರ್ತರ ಮುಂದೆ ಕೂತು ಆಟದ ಬಗ್ಗೆ ಒಂದು ಪ್ರಶ್ನೆಗೂ ಉತ್ತರಿಸಲಿಲ್ಲ, ಜನಾಂಗೀಯ ಅನ್ಯಾಯದ ಬಗ್ಗೆ ಮಾತ್ರ ಮಾತಾಡಿದರು. ಕೆಲವೇ ದಿನಗಳಲ್ಲಿ ಲೀಗ್ ದಂಡ ವಾಪಸ್ ಪಡೆಯಿತು. ಅತಿ ಕಡಿಮೆ ಸಂಬಳದವರು, ಅತಿ ಕಡಿಮೆ ಕ್ಯಾಮೆರಾ ಇದ್ದವರು ಲೀಗನ್ನು ಬಗ್ಗಿಸಿ ತೋರಿಸಿದರು.

ಮಾಯಾ ಮೂರ್ ಆಟ ಬಿಟ್ಟದ್ದು ನಿಜವೇ?

ನಿಜ. ಅದೇ ಲಿಂಕ್ಸ್ ತಂಡದ ತಾರೆ, ನಾಲ್ಕು ಚಾಂಪಿಯನ್‌ಶಿಪ್, ಎರಡು ಒಲಿಂಪಿಕ್ ಚಿನ್ನ. 2019ರಲ್ಲಿ, ತನ್ನ ಆಟದ ಉತ್ತುಂಗದಲ್ಲಿ, ಅವರು ಆಡುವುದನ್ನು ನಿಲ್ಲಿಸಿದರು. ಮಿಸೌರಿಯ ಜೈಲಿನಲ್ಲಿದ್ದ ಜೊನಾಥನ್ ಐರನ್ಸ್ ಎಂಬವರ ಪ್ರಕರಣಕ್ಕೆ ಪೂರ್ತಿ ಸಮಯ ಕೊಡಲು. ಹದಿನಾರನೇ ವಯಸ್ಸಿನಲ್ಲಿ ಬಂಧಿತರಾದ ಐರನ್ಸ್‌ಗೆ ಬಿಳಿಯರಷ್ಟೇ ಇದ್ದ ಜ್ಯೂರಿ ತಪ್ಪಿತಸ್ಥನೆಂದು ಹೇಳಿ, 50 ವರ್ಷಗಳ ಶಿಕ್ಷೆಯಾಗಿತ್ತು. ಪ್ರಾಸಿಕ್ಯೂಷನ್ ಬೆರಳಚ್ಚಿನ ವರದಿಯೊಂದನ್ನು ಪ್ರತಿವಾದಿ ವಕೀಲರಿಗೆ ಕೊಟ್ಟಿರಲಿಲ್ಲ. 2020ರ ಮಾರ್ಚ್‌ನಲ್ಲಿ ನ್ಯಾಯಾಧೀಶರು ತೀರ್ಪು ರದ್ದು ಮಾಡಿದರು, ಜುಲೈ 1ರಂದು ಐರನ್ಸ್ ಹೊರಬಂದರು. ಮುಂದೆ ಇಬ್ಬರೂ ಮದುವೆಯಾದರು. ಮೂರ್ ಮತ್ತೆ ಆಡಲಿಲ್ಲ. ಇಡೀ ಪುಟದಲ್ಲಿ ಯಾರ ಬಗ್ಗೆ ಹೆಚ್ಚು ಗೌರವ ಎಂದು ಕೇಳಿದರೆ ನಾನು ಇವರ ಹೆಸರು ಹೇಳುತ್ತೇನೆ.

2020ರ ಆಗಸ್ಟ್ 26ರಂದು ನಡೆದದ್ದೇನು?

ಹಿನ್ನೆಲೆ ಮೊದಲು. ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆ ಮೇಲೆ ಮಂಡಿಯೂರಿ ಕೊಂದ. ಫ್ಲಾಯ್ಡ್ ಅವರ ಹಳೆಯ ಸ್ನೇಹಿತ, ಮಾಜಿ ಎನ್‌ಬಿಎ ಆಟಗಾರ ಸ್ಟೀಫನ್ ಜ್ಯಾಕ್ಸನ್ ಬೀದಿಗಿಳಿದರು. ಬಾಸ್ಟನ್ ಸೆಲ್ಟಿಕ್ಸ್‌ನ ಜೇಲನ್ ಬ್ರೌನ್ ಹದಿನೈದು ಗಂಟೆ ಕಾರು ಓಡಿಸಿಕೊಂಡು ಅಟ್ಲಾಂಟಾಕ್ಕೆ ಹೋಗಿ ಮೆರವಣಿಗೆ ನಡೆಸಿದರು. ಕೋವಿಡ್‌ನಿಂದ ನಿಂತಿದ್ದ ಲೀಗ್ ಜುಲೈ 30ರಂದು ಫ್ಲಾರಿಡಾದ ಡಿಸ್ನಿ ಆವರಣದಲ್ಲಿ ಪ್ರೇಕ್ಷಕರಿಲ್ಲದೆ ಮತ್ತೆ ಶುರುವಾಯಿತು. ಅಂಗಳದ ಮೇಲೆ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' (ಕಪ್ಪು ಜೀವಗಳಿಗೂ ಬೆಲೆಯಿದೆ) ಎಂದು ಬರೆದಿತ್ತು. ಜೆರ್ಸಿಯ ಬೆನ್ನಿಗೆ ಹಾಕಲು 29 ಘೋಷಣೆಗಳ ಪಟ್ಟಿಯನ್ನು ಲೀಗ್ ಒಪ್ಪಿತ್ತು. ಪಟ್ಟಿ ಕೊಟ್ಟು ಆರಿಸಿಕೊಳ್ಳಿ ಅನ್ನುವ ಪ್ರತಿಭಟನೆ ಎಷ್ಟು ದೂರ ಹೋದೀತು? ಜಿಮ್ಮಿ ಬಟ್ಲರ್ ಹೆಸರೇ ಇಲ್ಲದ ಜೆರ್ಸಿ ತೊಟ್ಟು ಬಂದಾಗ ಪಂದ್ಯ ಶುರುವಾಗುವ ಮುನ್ನ ಬದಲಾಯಿಸಿಕೊಂಡು ಬಾ ಎಂದರು.

ಆಗಸ್ಟ್ 23ರಂದು ವಿಸ್ಕಾನ್ಸಿನ್‌ನ ಕಿನೋಶಾದಲ್ಲಿ ಜೇಕಬ್ ಬ್ಲೇಕ್ ಎಂಬ ಕಪ್ಪು ಮನುಷ್ಯನಿಗೆ ಪೊಲೀಸನೊಬ್ಬ ಹತ್ತಿರದಿಂದ ಏಳು ಗುಂಡು ಹಾರಿಸಿದ. ಅವರ ಮಕ್ಕಳು ಕಾರಿನೊಳಗಿದ್ದರು. ಬ್ಲೇಕ್ ಬದುಕಿದರು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಕಿನೋಶಾ ಮತ್ತು ಮಿಲ್ವಾಕೀ ನಡುವೆ ಸುಮಾರು 65 ಕಿಲೋಮೀಟರ್ ಅಷ್ಟೇ. 25ರ ರಾತ್ರಿ ಪ್ರತಿಭಟನೆಯ ನಡುವೆ ಇಬ್ಬರು ಗುಂಡೇಟಿಗೆ ಸತ್ತರು.

26ರ ಮಧ್ಯಾಹ್ನ ಮಿಲ್ವಾಕೀ ಬಕ್ಸ್ ಮತ್ತು ಒರ್ಲಾಂಡೊ ಮ್ಯಾಜಿಕ್ ನಡುವೆ ಪ್ಲೇಆಫ್‌ನ ಐದನೇ ಪಂದ್ಯ. ಭಾರತದಲ್ಲಿ ಆಗ ಮಧ್ಯರಾತ್ರಿ ದಾಟಿ ಒಂದೂವರೆ. ಬಕ್ಸ್ 3-1ರಿಂದ ಮುಂದಿತ್ತು, ಗೆದ್ದರೆ ಸರಣಿ ಮುಗಿಯುತ್ತಿತ್ತು. ಜಾರ್ಜ್ ಹಿಲ್ ತಾನು ಆಡುವುದಿಲ್ಲ ಎಂದರು. ಅವರಿಗೆ ದನಿಗೂಡಿಸಿದವರು ಸ್ಟರ್ಲಿಂಗ್ ಬ್ರೌನ್, ಮಿಲ್ವಾಕೀ ಪೊಲೀಸರ ಟೇಸರ್ ಉಂಡವರು. ಕೊನೆಗೆ ತಂಡವೇ ಹೊರಗೆ ಬರಲಿಲ್ಲ. ಮ್ಯಾಜಿಕ್ ಆಟಗಾರರು ಸ್ವಲ್ಪ ಹೊತ್ತು ಕಾದು ಅಂಗಳ ಬಿಟ್ಟರು.

ಒಳಗೆ ಅವರು ಸುಮ್ಮನೆ ಕೂತಿರಲಿಲ್ಲ. ವಿಸ್ಕಾನ್ಸಿನ್‌ನ ಅಟಾರ್ನಿ ಜನರಲ್ ಮತ್ತು ಲೆಫ್ಟಿನೆಂಟ್ ಗವರ್ನರ್ ಜೊತೆ ಫೋನಿನಲ್ಲಿ ಮಾತಾಡಿ ನಾವೇನು ಕೇಳಬೇಕು ಎಂದು ವಿಚಾರಿಸಿದರು. ಗಂಟೆಗಳ ನಂತರ ಹೊರಬಂದು ಹಿಲ್ ಮತ್ತು ಬ್ರೌನ್ ಹೇಳಿಕೆ ಓದಿದರು. ತಿಂಗಳುಗಳಿಂದ ಕಲಾಪ ನಡೆಸದ ರಾಜ್ಯ ಶಾಸನಸಭೆ ಕೂಡಲೇ ಸೇರಿ ಪೊಲೀಸ್ ಸುಧಾರಣೆಯನ್ನು ಕೈಗೆತ್ತಿಕೊಳ್ಳಬೇಕು ಎಂಬುದು ಅವರ ಬೇಡಿಕೆ. ಲೀಗಿನ ಜೊತೆಗಿನ ಒಪ್ಪಂದದ ಪ್ರಕಾರ ಆಟಗಾರರು ಕೆಲಸ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಶಿಕ್ಷೆ ಆಗಬಹುದಿತ್ತು. ಆದರೆ ಅಷ್ಟರಲ್ಲಿ ಆ ದಿನದ ಉಳಿದ ಎರಡು ಪಂದ್ಯಗಳೂ ನಿಂತಿದ್ದವು. ಡಬ್ಲ್ಯುಎನ್‌ಬಿಎ ನಿಂತಿತು, ವಾಷಿಂಗ್ಟನ್ ಮಿಸ್ಟಿಕ್ಸ್ ಆಟಗಾರ್ತಿಯರು ಬೆನ್ನಿಗೆ ಏಳು ಗುಂಡಿನ ತೂತು ಬಿಡಿಸಿದ ಬಿಳಿ ಅಂಗಿ ತೊಟ್ಟು ನಿಂತರು. ಬೇಸ್‌ಬಾಲ್, ಫುಟ್‌ಬಾಲ್ ಪಂದ್ಯಗಳು ಮುಂದೂಡಿದವು, ಟೆನಿಸ್‌ನಲ್ಲಿ ನವೊಮಿ ಒಸಾಕ ಸೆಮಿಫೈನಲ್ ಆಡುವುದಿಲ್ಲ ಎಂದರು. ಯಾರನ್ನೆಂದು ಶಿಕ್ಷಿಸುವುದು? 1961ರಲ್ಲಿ ಬಿಳಿಯ ಆಟಗಾರರು ಉಳಿದು ಪಂದ್ಯ ಮುಗಿಸಿದ್ದರು. ಈ ಸಲ ಯಾರೂ ಉಳಿಯಲಿಲ್ಲ.

ಪಂದ್ಯಗಳು 29ರಂದು ಮತ್ತೆ ಶುರುವಾದವು.

ಎಲ್ಲ ಆಟಗಾರರದ್ದೂ ಒಂದೇ ಅಭಿಪ್ರಾಯವೇ?

ಇಲ್ಲ. ಮ್ಯಾಜಿಕ್‌ನ ಜೊನಾಥನ್ ಐಸಾಕ್, ಸ್ವತಃ ಕಪ್ಪು ಆಟಗಾರ, ತನ್ನ ಕ್ರೈಸ್ತ ನಂಬಿಕೆಯ ಕಾರಣ ಹೇಳಿ ಘೋಷಣೆಯ ಅಂಗಿ ತೊಡದೆ, ಮಂಡಿಯೂರದೆ ಒಬ್ಬರೇ ನಿಂತರು. ಕೈರಿ ಇರ್ವಿಂಗ್ ತದ್ವಿರುದ್ಧ ದಿಕ್ಕಿನಿಂದ, ಇಂಥ ಹೊತ್ತಿನಲ್ಲಿ ಲೀಗ್ ಮತ್ತೆ ಶುರುಮಾಡುವುದೇ ಬೇಡ ಎಂದಿದ್ದರು. ಇಬ್ಬರಿಗೂ ಆ ಹಕ್ಕಿದೆ.

ಅಟ್ಲಾಂಟಾ ಡ್ರೀಮ್ ತಂಡ ತನ್ನ ಮಾಲೀಕರನ್ನೇ ಸೋಲಿಸಿತೇ?

ಸೋಲಿಸಿದ್ದು ಮತದಾರರು, ಆದರೆ ತಂಡದ ಪಾಲು ಸಣ್ಣದಲ್ಲ. ಡಬ್ಲ್ಯುಎನ್‌ಬಿಎಯ ಈ ತಂಡದ ಸಹ ಮಾಲಕಿ ಕೆಲ್ಲಿ ಲೆಫ್ಲರ್ ಜಾರ್ಜಿಯಾದ ಸೆನೆಟರ್ ಕೂಡ ಆಗಿದ್ದರು. ಲೀಗ್ 'ಬ್ಲ್ಯಾಕ್ ಲೈವ್ಸ್ ಮ್ಯಾಟರ್' ಬೆಂಬಲಿಸಬಾರದೆಂದು 2020ರ ಜುಲೈನಲ್ಲಿ ಕಮಿಷನರ್‌ಗೆ ಪತ್ರ ಬರೆದರು. ಅವರ ಹೆಸರು ಹೇಳಿ ಜಗಳವಾಡಿದರೆ ಅವರಿಗೇ ಪ್ರಚಾರ ಎಂದು ಆಟಗಾರ್ತಿಯರು ಲೆಕ್ಕ ಹಾಕಿದರು. ಎದುರಾಳಿ ಅಭ್ಯರ್ಥಿ, ಪಾದ್ರಿ ರಾಫೇಲ್ ವಾರ್ನಾಕ್ ಅವರ ಜೊತೆ ವಿಡಿಯೊ ಕರೆಯಲ್ಲಿ ಮಾತಾಡಿ, ಪ್ರಶ್ನೆ ಕೇಳಿ, ಒಪ್ಪಿಗೆಯಾದ ಮೇಲೆ ಆಗಸ್ಟ್ 4ರಂದು 'ವಾರ್ನಾಕ್‌ಗೆ ಮತ ಹಾಕಿ' ಎಂಬ ಅಂಗಿ ತೊಟ್ಟರು. ಬೇರೆ ತಂಡಗಳೂ ತೊಟ್ಟವು. ಆಗ ವಾರ್ನಾಕ್ ಸಮೀಕ್ಷೆಗಳಲ್ಲಿ ತೀರಾ ಹಿಂದಿದ್ದರು. 2021ರ ಜನವರಿ 5ರ ಅಂತಿಮ ಸುತ್ತಿನಲ್ಲಿ ಗೆದ್ದು ಜಾರ್ಜಿಯಾದ ಮೊದಲ ಕಪ್ಪು ಸೆನೆಟರ್ ಆದರು. ಫೆಬ್ರವರಿಯಲ್ಲಿ ತಂಡ ಮಾರಾಟವಾಯಿತು. ಕೊಂಡವರಲ್ಲಿ ಒಬ್ಬರು ರೆನೆ ಮಾಂಟ್ಗೊಮರಿ, ಜನಾಂಗೀಯ ನ್ಯಾಯದ ಕೆಲಸಕ್ಕಾಗಿ 2020ರ ಋತುವನ್ನು ಬಿಟ್ಟುಕೊಟ್ಟಿದ್ದ ಅದೇ ತಂಡದ ಆಟಗಾರ್ತಿ.

ಹಾಗಾದರೆ ಬದಲಾದದ್ದೆಷ್ಟು?

ಗೆಲುವು, ಸೋಲು ಎರಡೂ ಇವೆ. ಬಕ್ಸ್ ಕೇಳುವ ಮೊದಲೇ ಗವರ್ನರ್ ಶಾಸನಸಭೆಯ ವಿಶೇಷ ಅಧಿವೇಶನವನ್ನು ಆಗಸ್ಟ್ 31ಕ್ಕೆ ಕರೆದಿದ್ದರು. ಬಹುಮತವಿದ್ದ ರಿಪಬ್ಲಿಕನ್ ನಾಯಕರು ಚರ್ಚೆಯನ್ನೇ ನಡೆಸದೆ ಮುಂದೂಡಿದರು. ಬ್ಲೇಕ್‌ಗೆ ಗುಂಡು ಹಾರಿಸಿದ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು ಪ್ರಾಸಿಕ್ಯೂಟರ್ ಘೋಷಿಸಿದ್ದು 2021ರ ಜನವರಿ 5ರಂದು, ವಾರ್ನಾಕ್ ಗೆದ್ದ ಅದೇ ದಿನ.

ಇನ್ನೊಂದು ಕಡೆ, ಆಟ ಮುಂದುವರಿಸಲು ಆಟಗಾರರು ಹಾಕಿದ ಷರತ್ತಿನಂತೆ ಹಲವು ಕ್ರೀಡಾಂಗಣಗಳು ಆ ನವೆಂಬರ್ ಚುನಾವಣೆಗೆ ಮತಗಟ್ಟೆಗಳಾದವು. ಅಟ್ಲಾಂಟಾದ ಸ್ಟೇಟ್ ಫಾರ್ಮ್ ಅರೀನಾದಲ್ಲಿ ಜನ ಸಾಲುಗಟ್ಟಿ ಮತ ಹಾಕಿದರು. ಕಪ್ಪು ಸಮುದಾಯದ ಯುವಜನರ ಉದ್ಯೋಗ, ತರಬೇತಿಗಾಗಿ ಮಾಲೀಕರು ಹತ್ತು ವರ್ಷಗಳಲ್ಲಿ 30 ಕೋಟಿ ಡಾಲರ್ ಕೊಡಲು ಒಪ್ಪಿದರು. ನಿರ್ದಿಷ್ಟವಾಗಿ ಏನನ್ನಾದರೂ ಕೇಳಿ, ಅದು ಲೀಗಿನ ಕೈಯಲ್ಲೇ ಇದ್ದಾಗ ಸಿಕ್ಕಿದೆ. ರಾಜ್ಯದ ಕೈಯಲ್ಲಿದ್ದಾಗ ಸಿಕ್ಕಿಲ್ಲ. ಅದು ಆಟಗಾರರ ಸೋಲು ಅನ್ನುವುದಕ್ಕಿಂತ ಶಾಸಕರ ಸೋಲು.

ಚೀನಾ ವಿಷಯದಲ್ಲಿ ಇದೇ ಜನ ಸುಮ್ಮನಿದ್ದರಲ್ಲ?

ಈ ಟೀಕೆ ನ್ಯಾಯವಾದದ್ದು. 2019ರ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್ ತಂಡದ ಆಗಿನ ಮ್ಯಾನೇಜರ್ ಡ್ಯಾರಿಲ್ ಮೋರಿ ಹಾಂಗ್‌ಕಾಂಗ್ ಪ್ರತಿಭಟನಕಾರರ ಪರ ಟ್ವೀಟ್ ಮಾಡಿದರು. ಚೀನಾದ ಸರ್ಕಾರಿ ಟಿವಿ ಎನ್‌ಬಿಎ ಪ್ರಸಾರ ನಿಲ್ಲಿಸಿತು, ಲೀಗಿಗೆ ಭಾರಿ ನಷ್ಟವಾಯಿತು. ಮೋರಿಗೆ ಸರಿಯಾದ ತಿಳಿವಳಿಕೆ ಇರಲಿಲ್ಲ ಎಂಬರ್ಥದಲ್ಲಿ ಲೆಬ್ರಾನ್ ಮಾತಾಡಿದರು. ಅದು ಅವರ ಘನತೆಗೆ ತಕ್ಕ ಮಾತಾಗಿರಲಿಲ್ಲ. ಆದರೆ ಹಾಂಗ್‌ಕಾಂಗ್ ಬಗ್ಗೆ ತಪ್ಪಿದರು ಎಂದಮಾತ್ರಕ್ಕೆ ಕಿನೋಶಾ ಬಗ್ಗೆ ಹೇಳಿದ್ದು ಸುಳ್ಳಾಗುವುದಿಲ್ಲ.

ರಾಷ್ಟ್ರಗೀತೆಗೆ ಎದ್ದು ನಿಲ್ಲಲೇಬೇಕೆಂಬ ನಿಯಮ ಇದೆಯೇ?

ಎನ್‌ಬಿಎಯಲ್ಲಿ ಇದೆ. ಅಬ್ದುಲ್ ರವೂಫ್ ಮೇಲೆ ಪ್ರಯೋಗಿಸಿದ್ದು ಅದನ್ನೇ. 2020ರಲ್ಲಿ ತಂಡಕ್ಕೆ ತಂಡವೇ ಮಂಡಿಯೂರಿದಾಗ ಅದೇ ನಿಯಮವನ್ನು ಜಾರಿ ಮಾಡುವುದಿಲ್ಲ ಎಂದು ಕಮಿಷನರ್ ಹೇಳಿದರು. ನಿಯಮದ ಒಂದಕ್ಷರವೂ ಬದಲಾಗಿರಲಿಲ್ಲ, ಮಂಡಿಯೂರಿದವರ ಸಂಖ್ಯೆ ಬದಲಾಗಿತ್ತು.

ಇದರಲ್ಲಿ ಭಾರತ ಮೂಲದವರು ಯಾರಾದರೂ ಇದ್ದಾರೆಯೇ?

ಸ್ಯಾಕ್ರಮೆಂಟೊ ಕಿಂಗ್ಸ್ ಮಾಲೀಕ ವಿವೇಕ್ ರಣದಿವೆ ಮುಂಬೈಯಲ್ಲಿ ಹುಟ್ಟಿದವರು. 2018ರ ಮಾರ್ಚ್ 18ರಂದು ಆ ಊರಿನ ಪೊಲೀಸರು 22 ವರ್ಷದ ಸ್ಟೆಫಾನ್ ಕ್ಲಾರ್ಕ್‌ನನ್ನು ಅವನ ಅಜ್ಜಿಯ ಮನೆಯ ಹಿತ್ತಲಿನಲ್ಲಿ ಗುಂಡಿಟ್ಟು ಕೊಂದರು. ಕೈಯಲ್ಲಿದ್ದದ್ದು ಮೊಬೈಲ್ ಫೋನ್. 22ರಂದು ಪ್ರತಿಭಟನಕಾರರು ಕ್ರೀಡಾಂಗಣದ ಬಾಗಿಲುಗಳಿಗೆ ಅಡ್ಡ ನಿಂತರು, ಟಿಕೆಟ್ ಇದ್ದ ಬಹುಪಾಲು ಜನ ಒಳಗೆ ಬರಲಾಗಲಿಲ್ಲ. ಪಂದ್ಯ ಮುಗಿದ ಮೇಲೆ ರಣದಿವೆ ಆಟಗಾರರೊಂದಿಗೆ ಅಂಗಳದ ನಡುವೆ ನಿಂತು, ಶಾಂತಿಯುತವಾಗಿ ಪ್ರತಿಭಟಿಸುವುದು ಜನರ ಹಕ್ಕು, ಇಂಥ ದುರಂತ ಮತ್ತೆ ಆಗದಂತೆ ನಾವು ಕೆಲಸ ಮಾಡುತ್ತೇವೆ ಎಂದರು. ಮೂರು ದಿನದ ನಂತರ ಕಿಂಗ್ಸ್ ಮತ್ತು ಸೆಲ್ಟಿಕ್ಸ್ ಆಟಗಾರರು ಕ್ಲಾರ್ಕ್ ಹೆಸರಿನ ಕಪ್ಪು ಅಂಗಿ ತೊಟ್ಟು ಅಭ್ಯಾಸಕ್ಕಿಳಿದರು. ತಂಡ ಊರಿನ ಕಪ್ಪು ಯುವಜನರ ಸಂಘಟನೆಗಳೊಂದಿಗೆ ಹಲವು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಕ್ಲಾರ್ಕ್‌ನನ್ನು ಕೊಂದ ಇಬ್ಬರು ಪೊಲೀಸರ ಮೇಲೆ ಮೊಕದ್ದಮೆ ಆಗಲಿಲ್ಲ. ಆದರೆ ಅವನ ಸಾವಿನ ನಂತರ ಎದ್ದ ಒತ್ತಡದಿಂದ, ಅಗತ್ಯವಾದಾಗ ಮಾತ್ರ ಪೊಲೀಸರು ಪ್ರಾಣಾಂತಿಕ ಬಲ ಬಳಸಬಹುದು ಎಂಬ ಕಾನೂನಿಗೆ ಕ್ಯಾಲಿಫೋರ್ನಿಯಾದ ಗವರ್ನರ್ 2019ರ ಆಗಸ್ಟ್‌ನಲ್ಲಿ ಸಹಿ ಹಾಕಿದರು.